ಸತ್ತ ಗುರು ಎದ್ದು ಬಂದ ರೀಲು

“ಕೊಡಲ್ಲ ಅಂದ್ರೆ ಕೊಡಲ್ಲ,” ಎಂದಳು ಪ್ರೂಫಕ್ಕ.

ರಬ್ಬರ್ ಬ್ಯಾಂಡ್ ಹಾಕಿದ ಮೂವತ್ತೆಂಟು ಕಾರ್ಡುಗಳ ಕಟ್ಟು ಅವಳ ಮೊಣಕೈ ಕೆಳಗಿತ್ತು. ಆ ಮೊಣಕೈ ಎತ್ತಬೇಕಾದರೆ ಮೇಜನ್ನೇ ಎತ್ತಬೇಕು ಎನ್ನುವ ಹಾಗೆ ಅವಳು ಕೂತಿದ್ದಳು.

ಪ್ರೆಸ್ಸಿನ ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ಏರಿಸಿಕೊಂಡರು. ಕೆಲಸದವರನ್ನು ಗದರಿಸಲು ಬಾರದ ಮನುಷ್ಯ ಇನ್ನೇನು ತಾನೇ ಮಾಡಿಯಾನು?

“ಅಲ್ಲ ಪ್ರೂಫಕ್ಕಾ, ಫಿಲಂ ಕ್ಲಬ್ಬಿನವರು ಪುಸ್ತಕಾನೇ ಬೇಡ ಅಂತಿದ್ದಾರೆ. ಹೆಣ ಬಿದ್ದ ಸಿನಿಮಾ. ಕಾರ್ಡು ವಾಪಸ್ ಕಳಿಸಿ ಅಂತ ಬೆಳಿಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ರು. ನಮಗ್ಯಾಕೆ ಇಲ್ಲದ ಉಸಾಬರಿ?”

“ಲಾಕಪ್ಪಿನಲ್ಲಿ ಕೂತಿರೋನು ನನ್ನ ತಮ್ಮ, ಯಜಮಾನ್ರೇ. ಇಲ್ಲದ ಉಸಾಬರಿ ಹೇಗಾಗುತ್ತೆ?”

ಕಳೆದ ಭಾನುವಾರ ಮಧ್ಯಾಹ್ನದ ಆಟ ಮುಗಿದು ಜನ ಖಾಲಿಯಾದ ಮೇಲೆ, ಆ ಸಿನಿಮಾದ ನಿರ್ಮಾಪಕ ಬಾಲ್ಕನಿ ಹಿಂದಿನ ಕಬ್ಬಿಣದ ಮೆಟ್ಟಿಲ ಬುಡದಲ್ಲಿ ಕುತ್ತಿಗೆ ಮುರಿದು ಬಿದ್ದಿದ್ದ. ಆ ಮೆಟ್ಟಿಲು ಹತ್ತಿದರೆ ಸಿಗುವುದು ಪ್ರೊಜೆಕ್ಟರ್ ಕ್ಯಾಬಿನ್ ಒಂದೇ, ಅದರೊಳಗಿದ್ದ ಆಪರೇಟರ್ ಪ್ರೂಫಕ್ಕನ ಒಡಹುಟ್ಟಿದ ತಮ್ಮ.

ಇಂಟರ್ವಲ್ಲಿನಲ್ಲಿ ನಿರ್ಮಾಪಕ ಸಿಕ್ಕವರ ಕೈ ಕುಲುಕುತ್ತ ಓಡಾಡಿದ್ದನ್ನು ಇಡೀ ಥಿಯೇಟರ್ ನೋಡಿತ್ತು. ಸಾವು ಆದದ್ದು ಅದಾದ ಮೇಲೆ. ಅವತ್ತು ಬೆಳಿಗ್ಗೆ ಅವನಿಗೂ ಆಪರೇಟರನಿಗೂ, ಪುಡಿಪುಡಿಯಾಗುತ್ತಿರುವ ಹಳೇ ರೀಲನ್ನು ಮಷೀನಿಗೆ ಹಾಕಬೇಕೋ ಬೇಡವೋ ಎಂದು ಎಲ್ಲರೆದುರು ಮಾತಿಗೆ ಮಾತು ಬೆಳೆದಿತ್ತು. ಸಾಲದ್ದಕ್ಕೆ ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಯೂ ಒಬ್ಬರಿದ್ದರು. ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೆ ಕೋರ್ಟು, ಅಲ್ಲಿಂದ ಸೀದಾ ಜೈಲು.

“ಅಕ್ಕಾ, ನಾನು ಕ್ಯಾಬಿನ್ ಬಿಟ್ಟು ಅಲ್ಲಾಡಿಲ್ಲ,” ಎಂದು ತಮ್ಮ ಕಂಬಿ ಹಿಡಿದುಕೊಂಡು ಹೇಳಿದ್ದ. ಪ್ರೂಫಕ್ಕನಿಗೆ ಅಷ್ಟು ಸಾಕಾಗಿತ್ತು. ಇನ್ಸ್‌ಪೆಕ್ಟರಿಗೆ ಸಾಕಾಗಿರಲಿಲ್ಲ.

ಆ ಸಿನಿಮಾ ಯಾವುದು ಎಂದು ಕೇಳಿದರೆ ನಗಬೇಡಿ. ‘ಒಂಟಿ ಚಪ್ಪಲಿಯ ವೀರ’. ಮೂವತ್ತು ವರ್ಷದ ಹಿಂದೆ ಒಬ್ಬ ಕುಂಗ್‌ಫೂ ಮಾಸ್ಟರು ಈ ನಿರ್ಮಾಪಕನ ದುಡ್ಡಿನಲ್ಲಿ, ತನ್ನ ಶಿಷ್ಯರನ್ನೆಲ್ಲ ಹಾಳುಬಿದ್ದ ಕಲ್ಲುಗಣಿಗೆ ಹೊರಡಿಸಿಕೊಂಡು ಹೋಗಿ ಹದಿನೆಂಟು ದಿನದಲ್ಲಿ ತೆಗೆದ ಚಿತ್ರ. ಮೊದಲನೆಯ ಕಾಳಗದಲ್ಲೇ ಹೀರೋನ ಎಡಗಾಲ ಚಪ್ಪಲಿ ಗಣಿಯ ನೀರು ಸೇರಿತು. ಅಂಥದೇ ಇನ್ನೊಂದು ಜೊತೆ ಎಲ್ಲೂ ಸಿಗಲಿಲ್ಲ. ಉಳಿದ ಸಿನಿಮಾವನ್ನು ಅವನು ಒಂದೇ ಚಪ್ಪಲಿಯಲ್ಲಿ ಹೊಡೆದಾಡಿ ಮುಗಿಸಿದ. ಚಿತ್ರಕ್ಕೆ ಹೆಸರೂ ಅಲ್ಲೇ ಸಿಕ್ಕಿತು. ಬಿಡುಗಡೆಯಾದ ಮೂರನೇ ದಿನಕ್ಕೆ ಡಬ್ಬಿ ಸೇರಿತು. ಉಳಿದಿದ್ದದ್ದು ಒಂದೇ ಪ್ರಿಂಟು, ಏಳು ರೀಲು.

ಅದನ್ನು ಹುಡುಕಿ ತಂದು ಒಂದೇ ಒಂದು ಆಟ ಹಾಕಿಸಿದ ಫಿಲಂ ಕ್ಲಬ್ಬಿನದು ಒಂದು ವಿಚಿತ್ರ ನಿಯಮ. ನೋಡಿದವರು ಕಾರ್ಡಿನಲ್ಲಿ ಅಭಿಪ್ರಾಯ ಬರೆಯಬೇಕು, ಕೆಳಗೆ ಹೆಸರಿನ ಬದಲು ಕಸುಬು ಹಾಕಬೇಕು. ದೊಡ್ಡ ಮನುಷ್ಯರ ಹೆಸರು ನೋಡಿ ಯಾರೂ ತಲೆದೂಗಬಾರದಂತೆ. ಆ ಕಾರ್ಡುಗಳನ್ನೆಲ್ಲ ಒಂದು ಸಣ್ಣ ಪುಸ್ತಕ ಮಾಡಲು ಸೋಮವಾರ ಸಂಜೆ ಪ್ರೆಸ್ಸಿಗೆ ಕಳಿಸಿದ್ದರು. ಪೊಲೀಸರು ಅವುಗಳ ಗೋಜಿಗೆ ಹೋಗಿರಲಿಲ್ಲ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದಕ್ಕೂ ಕೊಲೆಗೂ ಏನು ಸಂಬಂಧ?

“ಅಂಥಾದ್ದು ಏನಿದೆ ಅದರಲ್ಲಿ?” ಯಜಮಾನರ ದನಿ ಇಳಿದಿತ್ತು.

“ಬರೀ ಕಚ್ಚಾಟ. ಕೇಳಿ,” ಎಂದು ಪ್ರೂಫಕ್ಕ ಮೇಲಿನ ಕಾರ್ಡು ತೆಗೆದಳು. “ದರ್ಜಿ ಬರೀತಾನೆ: ‘ಹೀರೋ ತಲೆ ಬೋಳಿಸಿಕೊಂಡು ಶಪಥ ಮಾಡಿದ ಮರುನಿಮಿಷಕ್ಕೆ ಭುಜದವರೆಗೆ ಕೂದಲು. ಹಚ್ಚಿದ ಎಣ್ಣೆ ಯಾವುದೆಂದು ತಿಳಿಸಿದರೆ ಉಪಕಾರವಾಗುತ್ತದೆ.’”

ಯಜಮಾನರು ನಕ್ಕುಬಿಟ್ಟರು. ನಗಬಾರದಿತ್ತೇನೋ ಎಂದು ಬಾಯಿಗೆ ಕೈ ಅಡ್ಡ ಹಿಡಿದರು.

“ಗಣಿತದ ಮೇಷ್ಟ್ರು: ‘ಸತ್ತ ಗುರು ಬದುಕಿ ಬಂದದ್ದು ಹೇಗೆ ಎಂಬುದಕ್ಕೆ ವಿವರಣೆ ಇಲ್ಲ. ನೂರಕ್ಕೆ ಎಂಟು ಅಂಕ. ಆ ಎಂಟೂ ಒದೆತಗಳಿಗೆ.’ ಲಾರಿ ಡ್ರೈವರು: ‘ಗುರು ಅಂದ ಮೇಲೆ ಸಾವೆಲ್ಲಿ ಬಂತು? ಸತ್ತ ಮೇಲೂ ಬಂದು ಕಲಿಸುತ್ತಾನೆ. ಇನ್ನೂ ಹತ್ತು ಸಲ ನೋಡುವೆ.’ ಗೃಹಿಣಿ: ‘ಒಂಟಿ ಚಪ್ಪಲಿಯಲ್ಲಿ ಇಪ್ಪತ್ತು ಜನರನ್ನು ಕೆಡವಿದವನಿಗೆ ಇನ್ನೊಂದು ಚಪ್ಪಲಿ ಹುಡುಕಲು ಆಗಲಿಲ್ಲವೇ? ಸತ್ತ ಮುದುಕ ಎದ್ದು ಬಂದು ಟೀ ಕುಡಿಯುವ ಹೊತ್ತಿಗೆ ನಾನು ಎದ್ದು ಹೋಗಬೇಕಿತ್ತು.’”

ಅವಳು ಒಂದು ಕಾರ್ಡನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದುಕೊಂಡಳು. ಅದು ಒಬ್ಬ ನರ್ಸಿನದು.

“‘ಗುರು ಸತ್ತದ್ದು ಸರಿ. ಮತ್ತೆ ಬಂದು ಶಿಷ್ಯನ ಕೈಯಲ್ಲಿ ಪಾತ್ರೆ ತೊಳೆಸಿದ್ದು ಇನ್ನೂ ಸರಿ. ನಮ್ಮಪ್ಪ ತೀರಿಹೋಗಿ ಆರು ವರ್ಷ. ಇವತ್ತಿಗೂ ನಾನು ಮನೆ ಬಿಡುವಾಗ ಗ್ಯಾಸ್ ಆಫ್ ಮಾಡಿದೆಯಾ ಎಂದು ಕೇಳುತ್ತಾರೆ. ಈ ಚಿತ್ರ ತೆಗೆದವರಿಗೆ ಆ ವಿಷಯ ಗೊತ್ತು. ಪಕ್ಕದವರು ನಗುತ್ತಿದ್ದರು, ನಾನು ಅತ್ತೆ.’”

ಯಜಮಾನರು ಈ ಸಲ ನಗಲಿಲ್ಲ.

ಎರಡು ದಿನದಿಂದ ಪ್ರೂಫಕ್ಕ ಈ ಕಾರ್ಡುಗಳಲ್ಲಿ ತಮ್ಮನನ್ನು ಹುಡುಕಿದ್ದಳು. ಮೆಟ್ಟಿಲಲ್ಲಿ ಸದ್ದು ಕೇಳಿತೆಂದು ಯಾರಾದರೂ ಬರೆದಿದ್ದಾರಾ, ಕ್ಯಾಬಿನ್ ಕಡೆ ಯಾರಾದರೂ ನೋಡಿದ್ದಾರಾ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ್ದಳು. ಒಂದಕ್ಷರ ಸಿಗಲಿಲ್ಲ. ಈ ದಿನ ಬೆಳಿಗ್ಗೆ ತನ್ನ ಮೇಲೆ ತನಗೇ ರೇಗಿತು. ಇಪ್ಪತ್ತಾರು ವರ್ಷ ಕರಡು ತಿದ್ದಿದವಳು ಹೀಗೆ ಓದುವುದೇ? ಅರ್ಥದ ಹಿಂದೆ ಬಿದ್ದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ. ಒಂದರ ಪಕ್ಕ ಇನ್ನೊಂದನ್ನಿಟ್ಟು ಸಾಲಿಗೆ ಸಾಲು ತಾಳೆ ನೋಡಬೇಕು.

ತಾಳೆ ನೋಡಿದಳು. ಬೈದವರು, ಹೊಗಳಿದವರು, ಅತ್ತವರು, ನಕ್ಕವರು. ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದುವುದಿಲ್ಲ. ಆದರೆ ಗುರುವಿನ ವಿಷಯ ಎತ್ತಿದವರು ಇಪ್ಪತ್ತಾರು ಜನ, ಅವರಲ್ಲಿ ಇಪ್ಪತ್ತೈದು ಜನ ಒಂದು ಮಾತಿನಲ್ಲಿ ಒಂದೇ. ಗುರು ಸತ್ತ, ಆಮೇಲೆ ಎದ್ದು ಬಂದ.

“ಮೂಲ ಪ್ರತಿ ಎಲ್ಲಿದೆ ಅಂತ ಯೋಚನೆ ಮಾಡ್ದೆ,” ಎಂದಳು. “ಆಮೇಲೆ ಹೊಳೀತು. ಆ ಸಿನಿಮಾದ ಕಥಾಸಾರ ಅಚ್ಚು ಹಾಕಿದ್ದು ನಿಮ್ಮಪ್ಪನೇ.”

ಈ ಪ್ರೆಸ್ಸಿನಲ್ಲಿ ಅಚ್ಚಾದ ಪ್ರತಿಯೊಂದು ಚೀಟಿಯದೂ ಒಂದು ಪ್ರತಿ ಹಿಂದಿನ ಕೋಣೆಯ ಬೀರುವಿನಲ್ಲಿ ಇರುತ್ತದೆ. ಯಜಮಾನರ ತಂದೆ ಮಾಡಿಹೋದ ಏರ್ಪಾಡು. ಅದರೊಳಗಿಂದ ತೆಗೆದ ಹಳದಿ ಹಾಳೆಯನ್ನು ಪ್ರೂಫಕ್ಕ ಮೇಜಿನ ಮೇಲೆ ಹರಡಿದಳು. ಬೇರೆ ಯಾವುದೇ ಸಿನಿಮಾದ ಕಥಾಸಾರವಾಗಿದ್ದರೆ ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ತೆರೆಯ ಮೇಲೆ ನೋಡಿ ಎಂದು ಕೈ ಎತ್ತುತ್ತಿತ್ತು. ಇದನ್ನು ಬರೆದ ಪುಣ್ಯಾತ್ಮನಿಗೆ ಅಷ್ಟು ಕಪಟ ತಿಳಿಯದು. ಕೊನೆಯ ಒದೆತದವರೆಗೂ ಹೇಳಿಬಿಟ್ಟಿದ್ದ.

ಗುರು ಶಿಷ್ಯನಿಂದ ಪಾತ್ರೆ ತೊಳೆಸಿ, ಟೀ ಕುಡಿದು, ಕೊನೆಯ ಪಟ್ಟು ಕಲಿಸುತ್ತಾನೆ. ಆಮೇಲೆ ಗಣಿಯ ಅಂಚಿನಿಂದ ಬಿದ್ದು ಸಾಯುತ್ತಾನೆ. ಶಿಷ್ಯ ತಲೆ ಬೋಳಿಸಿಕೊಂಡು ಶಪಥ ಮಾಡುತ್ತಾನೆ. ತಕ್ಷಣ ಕೊನೆಯ ಕಾಳಗ. ಯಾರೂ ಎದ್ದು ಬರುವುದಿಲ್ಲ.

“ಅಂದ್ರೆ...” ಎಂದರು ಯಜಮಾನರು.

“ಅಂದ್ರೆ ನನ್ನ ತಮ್ಮ ಇಂಟರ್ವಲ್ ಆದ ಮೇಲೆ ಐದನೇ ರೀಲು ಹಾಕೋ ಜಾಗದಲ್ಲಿ ಆರನೇದು ಹಾಕಿದ್ದಾನೆ, ಆರರ ಜಾಗದಲ್ಲಿ ಐದು. ಪೆದ್ದ! ಯಾರೂ ಹಿಂದೆ ಈ ಸಿನಿಮಾ ನೋಡಿರಲಿಲ್ಲವಲ್ಲ, ಅದೇ ಕಥೆ ಅಂದುಕೊಂಡು ಬಂದವರೆಲ್ಲ ಜಗಳ ಆಡಿದ್ದಾರೆ.” ನಾಲ್ಕು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. “ಈಗ ಇಪ್ಪತ್ತಾರನೇ ಕಾರ್ಡು ಕೇಳಿ. ‘ಗುರುವಿನ ಮರಣ, ಶಿಷ್ಯನ ಶಪಥಗಳ ಬೆನ್ನಿಗೇ, ನಡುವೆ ಉಸಿರಾಡಲೂ ಬಿಡದೆ, ಅಂತಿಮ ಕಾಳಗಕ್ಕೆ ನೆಗೆಯುವ ರಚನಾಶಿಸ್ತು ಈ ದರಿದ್ರ ಚಿತ್ರದ ಏಕೈಕ ಸಾಧನೆ.’ ಕಸುಬು, ವಿಮರ್ಶಕ.”

ಯಜಮಾನರ ಕನ್ನಡಕ ಮೂಗಿನ ತುದಿಗೆ ಜಾರಿತು. ಆಪರೇಟರ್ ಮೆಟ್ಟಿಲಿಳಿದು ಬಂದದ್ದನ್ನು ಕಣ್ಣಾರೆ ಕಂಡೆ ಎಂದು ಪೊಲೀಸರ ಮುಂದೆ ಹೇಳಿದ ಏಕೈಕ ಸಾಕ್ಷಿ ಆ ವಿಮರ್ಶಕರೇ.

“ಮಧ್ಯಾಹ್ನ ರಜೆ ಬೇಕು,” ಎಂದಳು ಪ್ರೂಫಕ್ಕ, ಚೀಲ ಹೆಗಲಿಗೇರಿಸುತ್ತ. “ಕೊಡದಿದ್ರೂ ಹೋಗ್ತೀನಿ.”

ವಿಮರ್ಶಕರ ಮನೆ ನಾಲ್ಕು ಬೀದಿ ಆಚೆ. ಮುಂದಿನ ಕೋಣೆಯ ಮೂರು ಗೋಡೆಗೆ ಅವರ ಲೇಖನಗಳ ಫೈಲು, ನಾಲ್ಕನೆಯದಕ್ಕೆ ಅವರದೇ ಫೋಟೋ. ಅವರು ಸೊಂಟದ ಹಿಂದೆ ಎರಡು ದಿಂಬು ಒತ್ತಿಕೊಂಡು ಆರಾಮಕುರ್ಚಿಯಲ್ಲಿ ಒರಗಿದ್ದರು.

“ಬನ್ನಿ ತಾಯಿ, ಕೂತ್ಕೊಳ್ಳಿ. ನಿಮ್ಮ ತಮ್ಮನ ವಿಷಯದಲ್ಲಿ ನನಗೂ ಸಂಕಟಾನೇ. ಆದ್ರೆ ಕಂಡದ್ದನ್ನ ಕಂಡೆ ಅನ್ನದೆ ಬೇರೆ ದಾರಿ ಇದೆಯಾ?”

“ಏನು ಕಂಡ್ರಿ ಅಂತ ಇನ್ನೊಂದು ಸಲ ಹೇಳಿ ಸಾರ್. ನನ್ನ ಸಮಾಧಾನಕ್ಕೆ.”

“ಬಾಲ್ಕನಿ ಕೊನೇ ಸಾಲಿನಲ್ಲಿ ಕೂತಿದ್ದೆ. ಗುರು ಸಾಯೋ ದೃಶ್ಯ ನಡೀತಿತ್ತು. ಅದು ಮುಗಿದು ಕೊನೇ ಕಾಳಗ ಶುರುವಾಗೋ ಹೊತ್ತಿಗೆ ಹಿಂದಿನ ಬಾಗಿಲ ಸಂದಿಯಲ್ಲಿ ನಿಮ್ಮ ತಮ್ಮ ಮೆಟ್ಟಿಲು ಇಳಿದು ಬಂದದ್ದು ಕಾಣಿಸ್ತು.”

“ಗುರು ಸತ್ತು, ಶಿಷ್ಯ ಶಪಥ ಮಾಡಿದ ಮೇಲೆ ನಡುವೆ ಬೇರೆ ಸೀನು ಬರಲಿಲ್ವಾ?”

“ಬರಲಿಲ್ಲ.”

“ನೆನಪು ಮಾಡ್ಕೊಳ್ಳಿ.”

“ನಲವತ್ತು ವರ್ಷದಿಂದ ಸಿನಿಮಾ ಬಗ್ಗೆ ಬರೀತಿದ್ದೀನಮ್ಮಾ. ಯಾವ ದೃಶ್ಯ ಆದ ಮೇಲೆ ಯಾವುದು ಅಂತ ನನಗೆ ಹೇಳಿಕೊಡೋಕೆ ಬರ್ಬೇಡಿ.”

ಅಷ್ಟೇ ಬೇಕಾಗಿತ್ತು ಅವಳಿಗೆ. ಚೀಲದಿಂದ ಕಾರ್ಡುಗಳನ್ನು ತೆಗೆದು ಅವರ ಮುಂದಿನ ಟೀಪಾಯಿಯ ಮೇಲೆ ಒಂದೊಂದಾಗಿ ಇಡುತ್ತ ಹೋದಳು. ದರ್ಜಿ. ನರ್ಸು. ಮೇಷ್ಟ್ರು. ಲಾರಿ ಡ್ರೈವರು. ಗೃಹಿಣಿ. ಅಂಚೆಯವ. ಹಲ್ಲಿನ ಡಾಕ್ಟರು. ಟೀಪಾ‌ಯಿ ತುಂಬಿದ ಮೇಲೆ ಉಳಿದವನ್ನು ಅವರ ತೊಡೆಯ ಮೇಲಿಟ್ಟಳು.

ವಿಮರ್ಶಕರು ನಾಲ್ಕು ಓದಿದರು. ಐದನೆಯದನ್ನು ಓದುವಾಗ ನಾಲಿಗೆಯಿಂದ ತುಟಿ ಸವರಿಕೊಂಡರು. ಆಮೇಲೆ ಎಲ್ಲವನ್ನೂ ಒಟ್ಟು ಮಾಡಿ ಆಚೆ ತಳ್ಳಿದರು.

“ದರ್ಜಿ, ಡ್ರೈವರು! ಇವರಿಗೆಲ್ಲ ಸಿನಿಮಾ ಅರ್ಥ ಆಗುತ್ತೇನ್ರಿ?”

“ಅರ್ಥ ಆಗದೇ ಇರಬಹುದು ಸಾರ್. ಆದ್ರೆ ಇವರು ಸಿನಿಮಾ ನೋಡಿದ್ದಾರೆ.”

ವಿಮರ್ಶಕರು ಮತ್ತೆ ದಿಂಬಿಗೆ ಒರಗಿದರು.

“ಮೂವತ್ತು ವರ್ಷದ ಹಿಂದೆ, ಬಿಡುಗಡೆಗೆ ಮುಂಚೆ ಪತ್ರಿಕೆಯವರಿಗೆ ತೋರಿಸಿದ್ರು. ಆಗ ನೋಡಿದ್ದೆ,” ಎಂದರು ಅವರು, ದನಿಯನ್ನು ಮೆತ್ತಗೆ ಮಾಡಿಕೊಂಡು. “ಅದೂ ಇದೂ ಕಲಸಿಹೋಗಿರಬೇಕು. ವಯಸ್ಸಾಯ್ತು ನೋಡಿ.”

“ಹಾಗಾದ್ರೆ ಮೆಟ್ಟಿಲ ಮೇಲೆ ನನ್ನ ತಮ್ಮನನ್ನ ನೋಡಿದ್ದೂ ಆವಾಗ್ಲೇನಾ? ಮೂವತ್ತು ವರ್ಷದ ಹಿಂದೆ ಅವನಿಗೆ ಆರು ವರ್ಷ ಸಾರ್. ಅವನ ಮೂಗು ಒರೆಸ್ತಾ ಇದ್ದವಳು ನಾನು.”

“ನೀವು ಮಿತಿಮೀರಿ ಮಾತಾಡ್ತಿದ್ದೀರಿ.”

“ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ, ಎದ್ದು ಹೋಗ್ತೀನಿ. ಅವತ್ತು ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿದ್ದು ಯಾವಾಗ?”

ವಿಮರ್ಶಕರು ಕಾರ್ಡುಗಳ ಕಡೆ ಕಣ್ಣು ಹಾಯಿಸಿದರು. “ಚಪ್ಪಲಿ ನೀರಿಗೆ ಬಿದ್ದಾಗ ಇರಬೇಕು.”

“ಬೋಳು ತಲೆ ಮೇಲೆ ಕೂದಲು ಬಂದಾಗ. ಹನ್ನೆರಡು ಜನ ಬರೆದಿದ್ದಾರೆ. ಎರಡು ನಿಮಿಷ ಮಾತೇ ಕೇಳಿಸಲಿಲ್ಲವಂತೆ.”

ವಿಮರ್ಶಕರು ಸೊಂಟ ಮರೆತು ಎದ್ದು ನಿಂತರು. ಮುಖ ಕೆಂಪಾಗಿತ್ತು. “ನಡೀರಿ ಆಚೆ! ಯಾವ ಧೈರ್ಯದ ಮೇಲೆ ನನ್ನ ಮನೆಗೆ ಬಂದು ನನ್ನನ್ನೇ ಸುಳ್ಳ ಅಂತೀರಿ? ನಾನು ಒಂದು ಮಾತು ಹೇಳಿದ್ರೆ ನಾಳೆಯಿಂದ ನಿಮ್ಮ ಪ್ರೆಸ್ಸಿಗೆ ಒಂದು ಕೆಲಸ ಬರಲ್ಲ, ಗೊತ್ತಾ?”

“ಹೇಳಿ ಸಾರ್. ಒಂದಲ್ಲ, ಹತ್ತು ಮಾತು ಹೇಳಿ.” ಅವಳೂ ಎದ್ದಳು. “ಕೆಲಸ ಹೋದ್ರೆ ಇನ್ನೊಂದು ಕಡೆ ತಿದ್ತೀನಿ. ತಮ್ಮ ಹೋದ್ರೆ ಇನ್ನೊಬ್ಬ ತಮ್ಮನನ್ನ ಎಲ್ಲಿಂದ ತರಲಿ?”

“ಕೂತ್ಕೊಳ್ಳಿ ರೀ,” ಎಂದಿತು ಒಂದು ದನಿ. ವಿಮರ್ಶಕರ ಹೆಂಡತಿ ಒಳಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಿಸಿನೀರಿನ ಚೀಲ. ಹೇಳಿದ್ದು ಗಂಡನಿಗೆ. “ಭಾನುವಾರ ಇಡೀ ದಿನ ಸೊಂಟ ಹಿಡ್ಕೊಂಡು ಒಳಗಿನ ಮಂಚದ ಮೇಲೆ ಬಿದ್ದಿದ್ರಮ್ಮಾ ಇವರು. ಗಂಟೆಗೊಂದು ಸಲ ಈ ಚೀಲದ ನೀರು ಬದಲಾಯಿಸಿದ್ದು ನಾನು.”

“ನೀನು ಸುಮ್ನಿರ್ತೀಯಾ?”

“ಸುಮ್ನಿದ್ದೆನಲ್ಲ! ನಲವತ್ತು ವರ್ಷ ಅರ್ಧಕ್ಕರ್ಧ ಸಿನಿಮಾ ನೋಡದೆ ಬರೆದ್ರಿ, ನಾನು ಬಾಯಿ ಬಿಟ್ಟಿಲ್ಲ. ನೋಡದೆ ಸಾಕ್ಷಿ ಹೇಳೋದಕ್ಕೆ ನಾನು ಒಪ್ಪಲ್ಲ.”

ವಿಮರ್ಶಕರು ಕುರ್ಚಿಗೆ ಕುಸಿದರು. ಆ ಕ್ಷಣಕ್ಕೆ ಪ್ರೂಫಕ್ಕನಿಗೂ ಪಾಪ ಎನ್ನಿಸಿತು, ಆದರೆ ಒಂದು ಕ್ಷಣ ಮಾತ್ರ.

“ಹೋಗಿದ್ದೆ ಅಂತ ಕ್ಲಬ್ಬಿನವರಿಗೆ ಹೇಳಿಬಿಟ್ಟಿದ್ದೆ,” ಎಂದರು ಅವರು ನೆಲ ನೋಡುತ್ತ. “ಕಾರ್ಡು ಸೋಮವಾರ ಬೆಳಿಗ್ಗೆ ಬರೆದು ಕಳಿಸಿದೆ. ಇನ್ಸ್‌ಪೆಕ್ಟರ್ ಬಂದು, ನೀವು ಬಾಲ್ಕನಿಯಲ್ಲಿ ಇದ್ರಂತಲ್ಲ, ಆಪರೇಟರ್ ಇಳಿದು ಬಂದದ್ದು ಕಂಡಿರಬೇಕಲ್ಲ ಅಂದ್ರು. ನಾನು ಇರಲೇ ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ. ಹೂಂ ಅಂದೆ.”

ಒಂದು ಹೂಂ. ಅದಕ್ಕೆ ಅವಳ ತಮ್ಮ ನಾಲ್ಕು ದಿನದಿಂದ ಸಿಮೆಂಟ್ ನೆಲದ ಮೇಲೆ ಮಲಗುತ್ತಿದ್ದ. ಪ್ರೂಫಕ್ಕನಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿ ಪೆನ್ನು ತೆಗೆದು ಅವರ ಮುಂದೆ ಹಿಡಿದಳು.

“ಇದನ್ನಾದ್ರೂ ನೋಡಿಕೊಂಡು ಬರೀರಿ.”

ಸ್ಟೇಷನ್ನಿನಲ್ಲಿ ಇನ್ಸ್‌ಪೆಕ್ಟರು ವಿಮರ್ಶಕರ ತಪ್ಪೊಪ್ಪಿಗೆಯನ್ನು ಎರಡು ಸಲ ಓದಿದರು. ಆಮೇಲೆ ಕಾರ್ಡುಗಳನ್ನು ನೋಡಿದರು, ಕಥಾಸಾರ ನೋಡಿದರು. ಮೇಜಿನ ಆ ಬದಿಯಿಂದ ಅವಳನ್ನು ದಿಟ್ಟಿಸಿದರು.

“ನಮ್ಮ ಇಡೀ ಸ್ಟೇಷನ್ನಿಗೆ ಚಳ್ಳೆಹಣ್ಣು ತಿನ್ನಿಸಿಬಿಟ್ರಲ್ಲ ಆ ಮಹಾಶಯರು.”

“ತಿನ್ನೋಕೆ ನೀವೂ ಬಾಯಿ ತೆಗೆದುಕೊಂಡೇ ಕೂತಿದ್ರಿ ಸಾರ್.”

ಕಾನ್‌ಸ್ಟೆಬಲ್ ಒಬ್ಬ ಫೈಲಿನ ಹಿಂದೆ ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. “ರೀಲು ಹಿಂದುಮುಂದಾಗಿತ್ತು ಅನ್ನೋದು ಖಂಡಿತ ತಾನೇ?” ಎಂದು ಕೇಳಿದರು.

“ಇಪ್ಪತ್ತೈದು ಜನ ಸುಳ್ಳು ಹೇಳೋಕಾಗುತ್ತಾ? ಅದೂ ಒಬ್ಬರ ಕಾರ್ಡು ಇನ್ನೊಬ್ಬರು ನೋಡದೆ?”

“ಹಾಗಾದ್ರೆ ಅಷ್ಟನ್ನು ಬರೆದು ಸಹಿ ಹಾಕಿ. ಸಾಕ್ಷಿ ಬಿದ್ದುಹೋದ್ರೆ ನಾಳೆ ಕೋರ್ಟಿಗೆ ಕರ್ಕೊಂಡು ಹೋಗೋಕೆ ನನ್ನ ಹತ್ರ ಏನೂ ಉಳಿಯಲ್ಲ.”

ಅವಳು ಬರೆದಳು. ಅವತ್ತಿನ ಆಟದಲ್ಲಿ ಐದನೆಯ ಮತ್ತು ಆರನೆಯ ರೀಲುಗಳು ಅದಲುಬದಲಾಗಿ ಓಡಿದವು ಎಂದು, ಒಂದು ಚುಕ್ಕೆಯೂ ಆಚೀಚೆ ಆಗದ ಹಾಗೆ ಬರೆದು, ಸಹಿ ಹಾಕಿದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ತಮ್ಮನನ್ನು ಕರೆತಂದರು. ಗಡ್ಡ ಬೆಳೆದಿತ್ತು, ಅಂಗಿ ಮುದ್ದೆಯಾಗಿತ್ತು. ಅವನನ್ನು ಕಂಡದ್ದೇ ಪ್ರೂಫಕ್ಕ ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು.

“ಬಚಾವಾದೆ ಕಣೋ! ನಿನ್ನ ಪೆದ್ದತನಾನೇ ನಿನ್ನ ಕಾಪಾಡ್ತು. ಐದನೇ ರೀಲಿನ ಜಾಗದಲ್ಲಿ ಆರನೇದು ಹಾಕಿದ್ದೆಯಂತಲ್ಲೋ. ಸತ್ತ ಗುರು ಎದ್ದು ಬಂದು ಟೀ ಕುಡಿದನಂತೆ. ಜನ ಅದನ್ನೇ ಸಿನಿಮಾ ಅಂದುಕೊಂಡು ಅತ್ತಿದ್ದಾರೆ ಕಣೋ!”

ತಮ್ಮ ನಗಲಿಲ್ಲ. ಹದಿನೆಂಟು ವರ್ಷ ರೀಲು ಓಡಿಸಿದವನ ಮುಖಕ್ಕೆ ಮೊದಲು ಬಂದದ್ದು ಕೋಪ.

“ನಾನಾ? ನಾನು ರೀಲು ತಪ್ಪು ಹಾಕಿದ್ನಾ? ಬೆಳಿಗ್ಗೆ ಪ್ರಿಂಟು ನೋಡ್ದಾಗಲೇ ಗೊತ್ತಿತ್ತು ಅಕ್ಕಾ, ಐದರ ಡಬ್ಬಿಗೆ ಆರರ ಮುಚ್ಚಳ ಇದೆ, ಆರರದಕ್ಕೆ ಐದರದು. ಯಾರೋ ಎಂದೋ ಅದಲುಬದಲು ಮಾಡಿಟ್ಟಿದ್ದಾರೆ. ಮುಚ್ಚಳ ನೋಡಿ ರೀಲು ಹಾಕೋನು ಆಪರೇಟರೇ ಅಲ್ಲ. ಫಿಲ್ಮಿನ ತುದಿ ಬೆಳಕಿಗೆ ಹಿಡಿದು, ಅಲ್ಲಿರೋ ನಂಬರ್ ಓದಿ...”

ಮಾತು ಅಲ್ಲಿಗೇ ನಿಂತಿತು. ತಾನು ಏನು ಹೇಳಿದೆನೆಂದು ಅವನಿಗೆ ಆಗ ತಿಳಿಯಿತು. ಅವಳಿಗೂ ತಿಳಿಯಿತು.

ಗೋಡೆಗೆ ಒರಗಿದ್ದ ಇನ್ಸ್‌ಪೆಕ್ಟರು ನೆಟ್ಟಗೆ ನಿಂತರು. “ಹಾಗಾದ್ರೆ ಇಂಟರ್ವಲ್ ಆದ ಮೇಲೆ ಮುಚ್ಚಳ ನೋಡಿ ರೀಲು ಹಾಕಿದ್ದು ಯಾರಪ್ಪಾ? ನೀನು ಎಲ್ಲಿದ್ದೆ?”

ತಮ್ಮ ಮುಖ ತಿರುಗಿಸಿಕೊಂಡ.

ತಮ್ಮ ಕ್ಯಾಬಿನ್ನಿನಲ್ಲಿ ಇರಲಿಲ್ಲ. ಅದನ್ನು ಪೊಲೀಸರು ಸಾಬೀತು ಮಾಡಿರಲಿಲ್ಲ, ಸುಳ್ಳು ಸಾಕ್ಷಿಯೂ ಸಾಬೀತು ಮಾಡಿರಲಿಲ್ಲ. ಕೈಯಾರೆ ಬರೆದು ಸಹಿ ಹಾಕಿ ಸಾಬೀತು ಮಾಡಿದವಳು ಅವಳು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು. ಕಂಬಿ ಹಿಡಿದು ಅವನು ಹೇಳಿದ್ದು ಸುಳ್ಳು. ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಸುಳ್ಳು.

“ಯಾರೋ ಅದು?” ಎಂದಳು.

“ಕೇಳ್ಬೇಡ ಅಕ್ಕಾ.”

“ಕೇಳ್ತೀನಿ. ಯಾರು?”

“ನಿನ್ನ ಕಾಲಿಗೆ ಬೀಳ್ತೀನಿ, ಬಿಟ್ಟುಬಿಡು. ಇನ್ನೊಂದು ಸಲ ಕೇಳಿದ್ರೆ ನಾನೇ ತಳ್ಳಿದ್ದು ಅಂತ ಬರೆದುಕೊಡ್ತೀನಿ.”

ಅವನು ಹೆದರಿಸುತ್ತಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆರು ವರ್ಷದವನಿದ್ದಾಗಿನಿಂದ ಅವನ ಹಟ ಕಂಡವಳು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸುಮ್ಮನಿದ್ದರೆ ಅವನ ಸುಳ್ಳಿಗೆ ತಾನೂ ಕೈ ಜೋಡಿಸಿದಂತೆ, ಕ್ಯಾಬಿನ್ನಿನಲ್ಲಿದ್ದವರು ಯಾರೋ ಹೊರಗೆ ಆರಾಮಾಗಿ ಓಡಾಡಿಕೊಂಡಿರುವಂತೆ. ಅದಕ್ಕೆ ಅವಳ ಜೀವ ಒಪ್ಪಲಿಲ್ಲ.

“ಯಾರನ್ನ ಕಾಪಾಡ್ತಿದ್ದೀಯೋ? ಹೇಳು.”

ತಮ್ಮ ಇನ್ಸ್‌ಪೆಕ್ಟರ್ ಕಡೆ ತಿರುಗಿದ. “ಒಂದು ಹಾಳೆ ಕೊಡಿ ಸಾರ್.”

ಹಾಳೆ ಬಂತು. ಅವನು ಮೇಜಿನ ಮೇಲೆ ಬಾಗಿ ಬರೆಯತೊಡಗಿದ. ತಲೆಕೆಳಗಾದ ಅಕ್ಷರ ಓದುವುದು ಪ್ರೂಫಕ್ಕನಿಗೆ ಹೊಸದಲ್ಲ, ಎದುರಿನಿಂದಲೇ ಓದಿದಳು. ಮೊದಲನೆಯ ಸಾಲು: ಇಂಟರ್ವಲ್ ಆದ ಮೇಲೆ ನಾನು ಕ್ಯಾಬಿನ್ನಿನಲ್ಲಿ ಇರಲಿಲ್ಲ. ಎರಡನೆಯ ಸಾಲು: ನಿರ್ಮಾಪಕರನ್ನು ಮೆಟ್ಟಿಲಿನಿಂದ ತಳ್ಳಿದವನು ನಾನು.

“ಸಾರ್,” ಎಂದಳು ಅವಳು. ದನಿ ಗಟ್ಟಿಯಾಗಿತ್ತು, ಆಚೆ ಕೋಣೆಯವರೂ ತಿರುಗಿ ನೋಡಿದರು. “ಮೊದಲನೇ ಸಾಲು ನಿಜ. ಎರಡನೇದು ಸುಳ್ಳು. ಮೊದಲನೇದಕ್ಕೆ ಸಾಕ್ಷಿ ತಂದವಳು ನಾನು, ಎರಡನೇದಕ್ಕೂ ತರ್ತೀನಿ. ಅಲ್ಲಿವರೆಗೆ ಇವನು ಏನು ಬರೆದುಕೊಟ್ರೂ ನಂಬಬೇಡಿ.”

ಇನ್ಸ್‌ಪೆಕ್ಟರು ಹಾಳೆಯನ್ನೂ ನೋಡಿದರು, ಅವಳನ್ನೂ ನೋಡಿದರು. ಆಮೇಲೆ ಹಾಳೆಯ ಕೆಳಗಿನ ಖಾಲಿ ಜಾಗಕ್ಕೆ ಬೆರಳು ತೋರಿಸಿದರು.

ತಮ್ಮ ಸಹಿ ಹಾಕಿದ.